ಕಂಡಷ್ಟೇ ಕಾಲು

ಮಾರ್ಚ್ 9

ಚೋಟು,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಓಡುವುದಿಲ್ಲ. ನಾನು ಆಸ್ಪತ್ರೆ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಚುತ್ತಾ ಇದ್ದೆ. ನಿನ್ನ ಪಟ್ಟಿ ಹಕ್ಕಿ, ಅದೇ ಕತ್ತಿಗೆ ಕಪ್ಪು ಪಟ್ಟಿಯ ಪುಟ್ಟದು, ಹೊಳೆ ಬಿಟ್ಟು ಅಲ್ಲಿಗೇ ಬಂದು ಮಡಿಚಿಟ್ಟ ಶೀಟುಗಳ ಮೇಲೆ ಹೊಟ್ಟೆ ಊರಿ ಕೂತಿತ್ತು. ನನ್ನ ಮುಖವನ್ನೇ ನೋಡಿ, "ನನ್ನ ಕಾಲೆಲ್ಲಿ?" ಅಂತ ಕೇಳಿತು. ನಾನು ಒಂದೊಂದೇ ಶೀಟು ಕೊಡವಿ ಹುಡುಕಿದೆ. ಸಿಗಲಿಲ್ಲ. ಎಚ್ಚರವಾದಾಗ ನನ್ನ ಹೊದಿಕೆ ನೆಲದ ಮೇಲಿತ್ತು.

ಕನಸಿಗೆ ಕಾರಣ ಗೊತ್ತಿದೆ. ನಿನ್ನೆ ಭಾನುವಾರ ನೀನು ಹೇಳಿದಂತೆ ನಿನ್ನ ಬದಲು ಹೊಳೆಯ ಹತ್ತಿರ ಹೋದೆ. ಹಳೆ ಸೇತುವೆಯ ಕೆಳಗಿನ ಜಲ್ಲಿಕಲ್ಲಿನ ದಿಣ್ಣೆ, ನಿನ್ನ ಮಡಿಸುವ ಸ್ಟೂಲು, ನಿನ್ನ ರಟ್ಟು, ನಿನ್ನ ಪೆನ್ಸಿಲು. ನನ್ನದು ಅಂತ ಇದ್ದದ್ದು ಹೆದರಿಕೆ ಒಂದೇ. ಹಕ್ಕಿ ದೂರದಲ್ಲಿ ಕಂಡಿತು. ಅದು ನಡೆಯುವುದೇ ಇಲ್ಲವಲ್ಲೇ, ಕೆಳಗೆ ಚಕ್ರ ಕಟ್ಟಿದ ಹಾಗೆ ಸರ್ರನೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಸರ್ರನೆ. ಕಾಲು ಕಾಣಿಸಲೇ ಇಲ್ಲ. "ಕಂಡಷ್ಟೇ ಬರಿ, ತಿಳಿದದ್ದು ಬರೀಬೇಡ" ಅಂತ ನೀನು ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ಹೇಳಿದ್ದೆ. ಹಾಗಾಗಿ ಕಾಲಿಲ್ಲದ ಹಕ್ಕಿಯನ್ನೇ ಬರೆದೆ. ಈ ಕಾಗದದ ಜೊತೆ ಇದೆ. ನಗು, ಪರವಾಗಿಲ್ಲ. ನಾಲ್ಕನೇ ಕ್ಲಾಸಿಗೆ ಎರಡು ಸಲ ಹೋಗಿ ಮೂರನೇ ಸಲ ಹೋಗದೇ ಬಿಟ್ಟವಳ ಕೈಯಲ್ಲಿ ಇಷ್ಟಾದರೂ ಬಂತಲ್ಲ.

ಅತ್ತಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾಳಾ? ಪ್ಲಾಸ್ಟರ್ ಒಳಗೆ ಕಡಿತ ಇದೆಯಾ? ಫೋನ್ ಮಾಡೋಣವೆಂದರೆ ಅದು ಅಣ್ಣನ ಮನೆಯ ಕೆಳಗಿನ ಹಾಲ್‌ನಲ್ಲಿ, ನೀನು ಮಹಡಿಯ ಮೇಲೆ. ಆ ದಿನ ನಾನು ಡ್ಯೂಟಿಗೆ ಹೋಗದೆ ನಿನ್ನ ಏಣಿ ಹಿಡಿದುಕೊಂಡಿದ್ದರೆ ಈ ಕಾಗದವೇ ಬೇಕಿರಲಿಲ್ಲ. ಇದನ್ನೇ ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತೇನೋ.

ನಿನ್ನ ದಾರಿ ನೋಡುತ್ತಾ,
ಅಕ್ಕ


ಮಾರ್ಚ್ 13

ಗಾಬರಿ ಅಕ್ಕನಿಗೆ,

ಏಣಿ ಜಾರಿದ್ದು ಅಂಗಡಿಯವನು ಆಗಷ್ಟೇ ನೆಲ ತೊಳೆದಿದ್ದಕ್ಕೆ. ನೀನು ಹಿಡಿದುಕೊಂಡಿದ್ದರೆ ಇಬ್ಬರೂ ಬೀಳುತ್ತಿದ್ದೆವು, ಆಗ ಕಾಗದ ಬರೆಯಲು ಯಾರೂ ಇರುತ್ತಿರಲಿಲ್ಲ. ಆ ಅಂಗಡಿಯ ಬೋರ್ಡು ಈಗಲೂ ಅರ್ಧ ಹೆಸರಿನಲ್ಲೇ ನಿಂತಿದೆಯಾ ನೋಡಿ ಹೇಳು. ಅರ್ಧ ಬರೆದ ಬೋರ್ಡಿನ ನೆನಪಾದರೆ ಕಾಲಿಗಿಂತ ಅದೇ ಹೆಚ್ಚು ನೋಯುತ್ತದೆ.

ನಿನ್ನ ಹಕ್ಕಿ ನೋಡಿದೆ. ನಗಲಿಲ್ಲ. ಅಣ್ಣ ಮಾತ್ರ, "ಇದೇನೇ, ಸೋಪು ಡಬ್ಬಿಗೆ ಮೂಗು ಬಂದಿದೆಯಲ್ಲ" ಅಂದ. ಆದರೆ ಅದರ ಹಣೆ ಸರಿಯಾಗಿದೆ. ನಾನು ಎಷ್ಟೋ ವರ್ಷ ಬರೆದ ಮೇಲೆ ಹಿಡಿದ ಹಣೆ ನಿನಗೆ ಮೊದಲ ಸಲಕ್ಕೇ ಬಂದಿದೆ. ಹೊಟ್ಟೆಕಿಚ್ಚಾಯಿತು. ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಇಲ್ಲಿ ಕಿಟಕಿಯಿಂದ ಕಾಣುವುದೂ ಗೋಡೆಯೇ, ಪಕ್ಕದ ಮನೆಯದು, ಬಣ್ಣ ಹೊಡೆಯದ್ದು. ಒಂದು ಕಾಗೆಯೂ ಕೂರುವುದಿಲ್ಲ.

ಈಗ ಕೇಳು. ದೂರದಿಂದ ಬರೆದರೆ ಕಾಲು ಸಿಗುವುದಿಲ್ಲ. ಹತ್ತಿರ ಹೋಗು. ದಿಣ್ಣೆಯ ನಡುವೆ, ನೀರಿಗೂ ಹುಲ್ಲಿಗೂ ಮಧ್ಯದಲ್ಲಿ ಸ್ಟೂಲು ಹಾಕು. ಮಂಕು ಬಣ್ಣದ ಬಟ್ಟೆ ಹಾಕಿಕೊ. ಕೂತ ಮೇಲೆ ಅಲುಗಾಡಬೇಡ. ಹಕ್ಕಿ ಕೂಗುತ್ತದೆ, ಕೂಗಲಿ. ನೀನು ಕಲ್ಲಾಗಿಬಿಟ್ಟರೆ ಆಮೇಲೆ ಅದು ನಿನ್ನನ್ನು ಮರೆಯುತ್ತದೆ. ಕಾಲಿನ ನಡುವೆ ಒಂದು ಗಂಟು ಇರುತ್ತದೆ, ನಮ್ಮ ಮಂಡಿಯ ಹಾಗೆ, ಆದರೆ ಉಲ್ಟಾ ಮಡಿಚಿಕೊಳ್ಳುತ್ತದೆ. ಆ ಗಂಟು ಬಂದರೆ ಅದು ಕಾಲು. ಇಲ್ಲದಿದ್ದರೆ ಹುಲ್ಲುಕಡ್ಡಿ.

ಈ ವರ್ಷದ ಚಿತ್ರ ಒಂದಾದರೂ ಬೇಕು ನನಗೆ. ಒಂದು ವರ್ಷವೂ ತಪ್ಪಿಸಿಲ್ಲ ಆ ಹಕ್ಕಿ ಜೋಡಿಯನ್ನು. ಇಲ್ಲಿಗೆ ಕಳಿಸಿದ್ದಕ್ಕೆ ನನಗೆ ಬೇಜಾರಿಲ್ಲ.

ಮಹಡಿಯ ಮೇಲಿನಿಂದ,
ಚೋಟು


ಮಾರ್ಚ್ 22

ಚೋಟು,

ಇವತ್ತು ನನ್ನನ್ನು ನೀನು ನೋಡಬೇಕಿತ್ತು. ಕಲ್ಲು ಅಂದರೆ ಕಲ್ಲೇ ಆಗಿಬಿಟ್ಟಿದ್ದೆ. ಲಾಂಡ್ರಿಯ ಹಳೆ ಬೂದು ಕೋಟು ಹಾಕಿಕೊಂಡು, ದಿಣ್ಣೆಯ ನಡುವೆ, ನೀರಿಗೂ ಹುಲ್ಲಿಗೂ ಮಧ್ಯ ಸರಿಯಾಗಿ ನೀನು ಹೇಳಿದ ಜಾಗದಲ್ಲಿ ಕೂತೆ. ಬಿಸಿಲು ಜೋರಾಗಿತ್ತು, ತಲೆಗೆ ಛತ್ರಿ ಸಿಕ್ಕಿಸಿಕೊಂಡೆ. ಮಧ್ಯಾಹ್ನವೆಲ್ಲ ಏಳಲಿಲ್ಲ. ಕಾಲು ಜೋಮು ಹಿಡಿದು ಯಾರದೋ ಕಾಲಿನಂತಾದರೂ ಏಳಲಿಲ್ಲ.

ಹಕ್ಕಿ ಮೊದಲು ಕೂಗಿತು, ನೀನು ಹೇಳಿದ ಹಾಗೆ. ಆಮೇಲೆ ಏನಾಯಿತು ಗೊತ್ತಾ, ತಾನಾಗಿ ಹತ್ತಿರ ಬಂತು. ಕೈ ಚಾಚಿದರೆ ಸಿಗುವಷ್ಟು. ಬಂದು ನನ್ನ ಮುಂದೆಯೇ ನೆಲಕ್ಕೆ ಬಿದ್ದು ಎಡಗಡೆಯ ರೆಕ್ಕೆ ಎಳೆಯತೊಡಗಿತು. ಬಾಲ ಬೀಸಣಿಗೆಯ ಹಾಗೆ ಬಿಚ್ಚಿ, ಒಂದು ಕಡೆಗೆ ವಾಲಿ, ಕುಂಟಿ ಕುಂಟಿ ಹೋಗುವುದು, ತಿರುಗಿ ನನ್ನನ್ನು ನೋಡುವುದು, ಮತ್ತೆ ಬಂದು ಬೀಳುವುದು. ನನ್ನ ಚಿತ್ರಕ್ಕಾಗಿಯೇ ನಿಂತ ಹಾಗೆ. ಕಾಲು, ಗಂಟು, ರೆಕ್ಕೆಯ ಗರಿ ಎಲ್ಲ ಸಿಕ್ಕವು. ಒಂದಲ್ಲ, ಹಾಳೆಗಟ್ಟಲೆ ಬರೆದೆ. ನನ್ನ ಜನ್ಮದಲ್ಲಿ ನನ್ನ ಕೈ ಹೀಗೆ ಹೇಳಿದ ಮಾತು ಕೇಳಿರಲಿಲ್ಲ. ಚೆನ್ನಾಗಿರುವುದನ್ನು ಆರಿಸಿ ಕಳಿಸಿದ್ದೇನೆ. ನೆಲದ ಕಲ್ಲುಗಳನ್ನೂ ಬಿಟ್ಟಿಲ್ಲ ನೋಡು. ಮೂಲೆಯಲ್ಲಿ ಮೂರು ಕಲ್ಲುಗಳಿವೆಯಲ್ಲ, ಮೂರಕ್ಕೂ ಒಂದೇ ಆಕಾರ, ಒಂದೇ ಚುಕ್ಕೆ, ಚೂಪು ತುದಿಗಳೆಲ್ಲ ಒಳಮುಖವಾಗಿ ಯಾರೋ ಜೋಡಿಸಿಟ್ಟ ಹಾಗೆ. ತುಂಬ ಚಂದ ಕಂಡವು. ಒಂದನ್ನು ನಿನಗೆ ಕಳಿಸೋಣವೆಂದುಕೊಂಡೆ. ಲಕೋಟೆಯಲ್ಲಿ ಹಿಡಿಯುವುದಿಲ್ಲ ಅಂತ ಬಿಟ್ಟೆ.

ಮನೆಗೆ ಬಂದ ಮೇಲೆ ಚಿಂತೆ ಶುರುವಾಯಿತು. ಆ ರೆಕ್ಕೆ ಮುರಿದಿದೆಯೇನೋ. ಪಾಪದ್ದು, ನನ್ನ ಹತ್ತಿರ ಸಹಾಯ ಕೇಳಲು ಬಂದಿದ್ದರೆ? ನಾನು ನೋಡುತ್ತಾ ಬರೆಯುತ್ತಾ ಕೂತೆನಲ್ಲ. ಸಂಜೆಯೇ ಲಾಂಡ್ರಿಗೆ ಹೋಗಿ ಮಂಗಳವಾರ, ಬುಧವಾರ ರಜೆ ಕೇಳಿ ಬಂದೆ. ಇಸ್ತ್ರಿ ಮೇಜಿನ ಗೆಳತಿ ಊರಿಗೆಲ್ಲ ಕೇಳಿಸುವಂತೆ, "ಹಕ್ಕಿ ನೋಡೋಕೆ ರಜೆನಾ? ಕಟ್ಟಿಕೊಂಡ ಗಂಡನ್ನೂ ಇಷ್ಟು ಹೊತ್ತು ನೋಡಿರಲಿಲ್ಲವಲ್ಲೇ ನೀನು" ಅಂದಳು. ಅನ್ನಲಿ. ಒಂದು ದಿಂಬಿನ ಕವರ್ ತೆಗೆದುಕೊಂಡು ಹೋಗುತ್ತೇನೆ. ಸಿಕ್ಕರೆ ಅದರಲ್ಲಿ ಹಾಕಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡುತ್ತೇನೆ.

ಚಿತ್ರ ಮಡಿಚದೆ ಇಟ್ಟುಕೊ.

ನಿನ್ನ ಕಲ್ಲು,
ಅಕ್ಕ


ಮಾರ್ಚ್ 25

ಅಕ್ಕ,

ಅಲ್ಲಿಗೆ ಹೋಗಬೇಡ. ಇದನ್ನು ಓದುವ ಹೊತ್ತಿಗೆ ದಿಣ್ಣೆಯಲ್ಲಿದ್ದರೆ ಎದ್ದು ಬಾ.

ಅವು ಕಲ್ಲಲ್ಲ. ಮೊಟ್ಟೆ. ಆ ಹಕ್ಕಿ ಗೂಡು ಕಟ್ಟುವುದಿಲ್ಲ, ಬರಿಯ ಜಲ್ಲಿಯ ಮೇಲೇ ಇಡುತ್ತದೆ. ರೆಕ್ಕೆ ಮುರಿದಿಲ್ಲ. ನಿನ್ನನ್ನು ಎಬ್ಬಿಸಿ ತನ್ನ ಹಿಂದೆ ಕರೆದುಕೊಂಡು ಹೋಗಲು ಹಾಗೆ ಮಾಡುತ್ತದೆ. ನೀನು ಏಳಲಿಲ್ಲ. ನಾನು ಏಳಬೇಡ ಅಂದಿದ್ದೆ.

ಅಣ್ಣನ ಕೈಲಿ ಲಾಂಡ್ರಿಗೆ ಫೋನ್ ಮಾಡಿಸಿದೆ. ಯಾರೋ ಎತ್ತಿ, "ಅವರು ಇವತ್ತೂ ರಜೆ, ಹಕ್ಕಿ ಹತ್ತಿರ ಇರ್ತಾರೆ" ಅಂತ ನಕ್ಕು ಇಟ್ಟರಂತೆ.

ಚೋಟು


ಮಾರ್ಚ್ 27

ಚೋಟು,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಶುಕ್ರವಾರ. ಎರಡು ದಿನವೂ ಹೋಗಿ ಮುಗಿದಿದೆ.

ಆದದ್ದನ್ನು ಆದಂತೆ ಬರೆಯುತ್ತೇನೆ, ನೀನು ಬೈಯುವುದಕ್ಕೆ ಅನುಕೂಲವಾಗಲಿ. ಮಂಗಳವಾರ ಇನ್ನೂ ಹತ್ತಿರ ಕೂತೆ. ಬಿಸಿಲು ಭಾನುವಾರಕ್ಕಿಂತ ಹೆಚ್ಚಿತ್ತು. ಹಕ್ಕಿ ಬಂದು ಬಂದು ಬಿತ್ತು. ಬುಧವಾರ ಅದು ಎಳೆಯುತ್ತಿದ್ದದ್ದು ಬಲಗಡೆಯ ರೆಕ್ಕೆ. ನಾನು ಬಲಗಡೆಯದೇ ಬರೆದೆ, ಆಮೇಲೆ ನಿಂತು ಯೋಚಿಸಿದೆ. ಭಾನುವಾರ ಎಡಗಡೆ ಬರೆದಿದ್ದೆನಲ್ಲ, ಮುರಿದ ರೆಕ್ಕೆ ಜಾಗ ಬದಲಿಸುತ್ತದೆಯೇ, ನನ್ನ ಕಣ್ಣೇ ಸರಿಯಿಲ್ಲ ಅಂತ ರಬ್ಬರಿನಲ್ಲಿ ಉಜ್ಜಿ ಎಡಕ್ಕೆ ಹಾಕಿದೆ. ಕಂಡದ್ದನ್ನು ಅಳಿಸಿ ತಿಳಿದದ್ದನ್ನು ಬರೆದೆ. ಅಳಿಸದೆ ಇದ್ದಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು, ಎದ್ದು ಬರುತ್ತಿದ್ದೆ. ಆ ಹಕ್ಕಿ ನನಗೆ ತಿಳಿಯುವ ಹಾಗೆ ಎರಡೂ ಕಡೆಯಿಂದ ಹೇಳಿತು.

ಆಮೇಲೆ ದಿಂಬಿನ ಕವರ್ ಹಿಡಿದುಕೊಂಡು ಎದ್ದೆ. ಅದು ನನ್ನ ಕೈಗೆ ಒಂದು ಗೇಣು ಮುಂದೆ ಮುಂದೆ ಕುಂಟಿಕೊಂಡು ಹೋಗಿ, ದಿಣ್ಣೆಯ ತುದಿ ಮುಟ್ಟಿದ ಮೇಲೆ ಚೆನ್ನಾಗಿ ಹಾರಿ ಹೋಯಿತು. ನನಗೆ ಎಂಥ ಖುಷಿ ಗೊತ್ತಾ. ವಾಸಿಯಾಯಿತು ಅಂದುಕೊಂಡೆ. ಖುಷಿಯಲ್ಲಿ ಮತ್ತೆ ಅದೇ ಸ್ಟೂಲಿನ ಮೇಲೆ ಬಂದು ಕೂತೆ.

ಮೂರು ಮಧ್ಯಾಹ್ನ, ಚೋಟು. ನನಗೆ ಛತ್ರಿಯ ನೆರಳಿತ್ತು. ಅವುಗಳಿಗೆ ಇದ್ದದ್ದು ಅಮ್ಮನ ಹೊಟ್ಟೆಯ ನೆರಳು ಒಂದೇ, ಅದನ್ನು ನಾನು ಕೂತಲ್ಲಿಂದಲೇ ಕಿತ್ತುಕೊಂಡೆ. ಬಿಸಿಲಿಗೆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಅದನ್ನೂ ಮುಟ್ಟಿ ನೋಡಿದ್ದೆ, ಅಬ್ಬಾ ಏನು ಕಾವು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಲಾಂಡ್ರಿಯಲ್ಲಿ ಇವತ್ತು ಮಕ್ಕಳ ವಾರ್ಡಿನ ಬಟ್ಟೆ ಮಡಿಚಲು ಕೈ ಬರಲಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಟವೆಲಿನ ಕಡೆಗೆ ಹೋದೆ.

ನಿನ್ನ ಜೋಡಿಯನ್ನು ನೀನು ವರ್ಷ ವರ್ಷವೂ ಬರೆದೆ. ನಾನು ಒಂದೇ ವರ್ಷ ಹೋದೆ. ಇನ್ನು ಅಲ್ಲಿಗೆ ಕಾಲಿಡುವುದಿಲ್ಲ. ಸ್ಟೂಲು ತೊಳೆದು ನಿನ್ನ ಕೋಣೆಯಲ್ಲಿಟ್ಟಿದ್ದೇನೆ. ಉತ್ತರ ಬರೆಯಬೇಕೆಂದೇನಿಲ್ಲ.

ಅಕ್ಕ


ಏಪ್ರಿಲ್ 9

ಅಕ್ಕ,

ನೀನು ಬೇಡ ಅಂದರೂ ಉತ್ತರ ಬರೆಯುತ್ತಿದ್ದೇನೆ. ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ಅತ್ತಿಗೆ ಕಸದ ಬುಟ್ಟಿ ನೋಡಿ, "ಯಾರಿಗೇ ಇಷ್ಟೊಂದು ಪ್ರೇಮಪತ್ರ?" ಅಂದಳು.

ನಾನು ಏನು ಮಾಡಿದೆ ಅನ್ನುವುದನ್ನು ಕೇಳು. ಇದು ಮೊಟ್ಟೆಯಿಡುವ ಕಾಲ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ, ಇಷ್ಟು ವರ್ಷ ಸೇತುವೆಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿ ಬರೆದವಳು ನಾನು. ನಾನು ಈ ಕಾಲದಲ್ಲಿ ಎಂದೂ ದಿಣ್ಣೆಗೆ ಇಳಿದದ್ದೇ ಇಲ್ಲ. ನಿನಗೆ ಮಾತ್ರ ಹತ್ತಿರ ಹೋಗಿ ಕೂರು ಅಂದೆ. "ಮೊಟ್ಟೆ ಇರಬಹುದು, ನೋಡಿಕೊಂಡು ಕೂರು" ಅಂತ ಒಂದು ಸಾಲು ಮನಸ್ಸಿಗೆ ಬಂದಿತ್ತು. ಬರೆಯಲಿಲ್ಲ. ಬರೆದಿದ್ದರೆ ನೀನು ಹೆದರಿ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ, ನನಗೆ ಈ ವರ್ಷದ ಚಿತ್ರ ಸಿಗುತ್ತಿರಲಿಲ್ಲ. ಮೊಟ್ಟೆ ಇನ್ನೂ ಇಟ್ಟಿರಲಾರದು ಅಂತ ನನಗೆ ನಾನೇ ಹೇಳಿಕೊಂಡೆ. ಈ ಗೋಡೆ ನೋಡುತ್ತಾ ಮಲಗಿದರೆ ಮನುಷ್ಯರಿಗೆ ಏನೇನೋ ಹೇಳಿಕೊಳ್ಳಲು ಬರುತ್ತದೆ. ಸ್ವಲ್ಪ ಸಿಟ್ಟೂ ಇತ್ತು, ನಿನ್ನ ಮೇಲೆ. ಅದು ಯಾಕೆ ಅಂತ ನಿನಗೂ ಗೊತ್ತು.

ಆದ್ದರಿಂದ ಎಲ್ಲವನ್ನೂ ನೀನೊಬ್ಬಳೇ ತಲೆಯ ಮೇಲೆ ಹೊತ್ತುಕೊಂಡು ಓಡಾಡಬೇಡ. ಅರ್ಧ ನನ್ನದು. ಅರ್ಧಕ್ಕಿಂತ ಹೆಚ್ಚು.

ರೆಕ್ಕೆ ಎಳೆಯುವ ಹಕ್ಕಿಯ ಚಿತ್ರವನ್ನೂ ಗೋಡೆಗೆ ಅಂಟಿಸಿದ್ದೆ, ಅದನ್ನು ತೆಗೆಯಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ತೆಗೆಯಲು ಮನಸ್ಸು ಬರುವುದಿಲ್ಲ. ಅಷ್ಟು ಚೆನ್ನಾಗಿದೆ. ಅದೇ ದೊಡ್ಡ ಕಷ್ಟ.

ಒಂದು ಸಲ ಹೋಗಿ ಬಾ. ಕೆಳಗೆ ಬೇಡ, ಸೇತುವೆಯ ಮೇಲೆ ನಿಲ್ಲು. ದುರ್ಬೀನು ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ. ಬದುಕಿದ್ದರೆ ಈ ವಾರದಲ್ಲಿ ಮರಿಯಾಗಬೇಕು. ಆ ಮರಿಗಳು ಹುಟ್ಟಿದ ದಿನವೇ ಓಡುತ್ತವೆ. ಅಲ್ಲಿಲ್ಲಿ ಹುಡುಕಬೇಡ, ಕಲ್ಲಿಗೂ ಅವಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅಮ್ಮ ನಿಂತಿದ್ದರೆ ಅವಳ ಹೊಟ್ಟೆಯ ಕೆಳಗೆ ನೋಡು. ಬಿಸಿಲಿಗೆ ಅಲ್ಲೇ ನುಗ್ಗುತ್ತವೆ. ಏನಿದ್ದರೂ, ಏನೂ ಇಲ್ಲದಿದ್ದರೂ, ಕಂಡಷ್ಟೇ ಬರೆದು ಕಳಿಸು.

ಪ್ಲಾಸ್ಟರ್ ಮುಂದಿನ ವಾರ ಬಿಚ್ಚುತ್ತಾರಂತೆ. "ಆಮೇಲೆ ಎಲ್ಲಿರ್ತೀಯ?" ಅಂತ ಅಣ್ಣ ಕೇಳಿದ.

ಗೋಡೆಯ ಪಕ್ಕದಿಂದ,
ಚೋಟು


ಏಪ್ರಿಲ್ 13

ಚೋಟು,

ನಿನ್ನ ಕಾಗದ ಬಂದ ಮೇಲೂ ಹೋಗುವುದಿಲ್ಲ ಅಂತಲೇ ಇದ್ದೆ. ಲಾಂಡ್ರಿಯಲ್ಲಿ ಇಸ್ತ್ರಿ ಗೆಳತಿಗೆ ಎಲ್ಲ ಹೇಳಿ ಅತ್ತೆ. ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಹೋಗದೆ ಇದ್ದರೆ ಸತ್ತವು ಸತ್ತವು ಅಂತ ದಿನಾ ಸಾಯ್ತೀಯ. ಹೋದರೆ ಒಂದೇ ದಿನ. ನಡಿ, ನಾನೂ ಬರ್ತೀನಿ" ಅಂದಳು. ನಿನ್ನೆ ಭಾನುವಾರ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು.

ದಾರಿಯಲ್ಲಿ ನಿನ್ನ ಬೋರ್ಡು ನೋಡಿದೆ. ಅರ್ಧ ಹೆಸರಿನಲ್ಲೇ ಇದೆ. ಅಂಗಡಿಯವನು, "ಅವರೇ ಬಂದು ಮುಗಿಸಲಿ, ಬೇರೆಯವರ ಅಕ್ಷರ ಸೇರಲ್ಲ" ಅಂದ.

ಸೇತುವೆಯ ಕಟಕಟೆಗೆ ಒರಗಿ ದುರ್ಬೀನು ಹಿಡಿದರೆ ಇಡೀ ದಿಣ್ಣೆಯೇ ಕುಣಿಯಿತು. ಗೆಳತಿ ಇಸಿದುಕೊಂಡು ನೋಡಿ, "ಎಲ್ಲ ಕಲ್ಲೇ ಕಣೇ, ಇದಕ್ಕೋಸ್ಕರನಾ ನಾನು ಬಿಸಿಲಲ್ಲಿ ಬಂದಿದ್ದು" ಅಂದಳು. ಆಮೇಲೆ ದುರ್ಬೀನನ್ನು ಕಟಕಟೆಯ ಮೇಲೆ ಊರಿ ನೋಡಿದೆ. ಹಕ್ಕಿ ಇತ್ತು. ಸುಮ್ಮನೆ ನಿಂತಿತ್ತು. ಕೂಗಲಿಲ್ಲ, ರೆಕ್ಕೆ ಎಳೆಯಲಿಲ್ಲ. ಸ್ವಲ್ಪ ಊದಿಕೊಂಡ ಹಾಗೆ, ಗರಿಗಳನ್ನು ಸಡಿಲ ಬಿಟ್ಟು. ನಾನು ರಟ್ಟು ತೆಗೆದು ಕಂಡದ್ದನ್ನು ಬರೆಯತೊಡಗಿದೆ. ಯೋಚಿಸಲಿಲ್ಲ. ಯೋಚಿಸಿದರೆ ಏನಾಗುತ್ತದೆ ಅಂತ ಗೊತ್ತಾಗಿದೆಯಲ್ಲ.

ಗೆಳತಿ ಹೆಗಲ ಮೇಲಿಂದ ಇಣುಕಿದಳು. "ಹಕ್ಕಿಗೆ ಎಷ್ಟು ಕಾಲು?"

"ಎರಡು."

"ಮತ್ತೆ ನೀನು ಬರೆದಿರೋದೇನು, ಏಡಿನಾ?"

ಆಗ ನೋಡಿಕೊಂಡೆ. ಹೊಟ್ಟೆಯ ಕೆಳಗೆ ಅದರ ಎರಡು ಕಾಲು. ಅದರ ಪಕ್ಕದಲ್ಲಿ ಸಣ್ಣವು ಎರಡು. ಇನ್ನೊಂದು ಪಕ್ಕದಲ್ಲಿ ಮತ್ತೆರಡು. ದಾರದಷ್ಟು ಸಪೂರ. ನಾನು ಬರೆಯುವಾಗ ಅದು ಮರಿ ಅಂತ ನನಗೆ ಹೊಳೆಯಲೇ ಇಲ್ಲ ಚೋಟು, ಬರೀ ಕಾಲು ಅಂತ ಬರೆದಿದ್ದೆ. ಗೆಳತಿ ನನ್ನನ್ನು ಕಟಕಟೆಯ ಹತ್ತಿರವೇ ನೆಲದ ಮೇಲೆ ಕೂರಿಸಿದಳು. ನೀರು ಕುಡಿಸಿದಳು. "ಬದುಕಿದ್ದಕ್ಕೂ ಅಳ್ತೀಯಲ್ಲೇ" ಅಂದಳು.

ಎದ್ದು ಮತ್ತೆ ನೋಡುವಷ್ಟರಲ್ಲಿ ಸೇತುವೆಯ ಮೇಲೆ ಬಸ್ಸು ಬಂತು, ಎಲ್ಲ ಗಡಗಡ ಅಂತು. ಹಕ್ಕಿ ಸರ್ರನೆ ಓಡಿತು. ಹೊಟ್ಟೆಯ ಕೆಳಗಿದ್ದವು ನಾಲ್ಕು ಹೆಜ್ಜೆಗೇ ಕಲ್ಲಿನೊಳಗೆ ಕಲ್ಲಾದವು. ಕತ್ತಲಾಗುವ ತನಕ ಕಾದರೂ ಮತ್ತೆ ಕಾಣಲಿಲ್ಲ. ಕೆಳಗೆ ಇಳಿಯೋಣವಾ ಅಂತ ಗೆಳತಿ ಕೇಳಿದಳು. ನಾನು ಅವಳ ಸೆರಗು ಹಿಡಿದು ನಿಲ್ಲಿಸಿದೆ.

ಇನ್ನೊಂದು ಮಾತು, ಬಾಯಲ್ಲಿ ಹೇಳಲು ಬರುವುದಿಲ್ಲ ಅಂತ ಬರೆಯುತ್ತೇನೆ. ನಿನ್ನನ್ನು ಅಣ್ಣನ ಮನೆಗೆ ಕಳಿಸಿದಾಗ ಡ್ಯೂಟಿ ಬದಲಿಸಿ ಕೊಡಲಿಲ್ಲ ಅಂದಿದ್ದೆ. ನಾನು ಕೇಳಿರಲೇ ಇಲ್ಲ. ನಿನ್ನನ್ನು ಎತ್ತಿ ಕೂರಿಸುವಾಗ ಕೈ ತಪ್ಪಿ ಬೀಳಿಸಿಬಿಟ್ಟರೆ ಅಂತ ಹೆದರಿಕೆ. ನನ್ನ ಕೈಗೆ ಸಿಗದಷ್ಟು ದೂರ ಇದ್ದರೆ ನಿನಗೆ ಏನೂ ಆಗುವುದಿಲ್ಲ ಅಂದುಕೊಂಡೆ. ದೂರ ಕೂರಬೇಕಾದ ಕಡೆ ಹತ್ತಿರ ಹೋಗಿ ಕೂತೆ, ಹತ್ತಿರ ಇರಬೇಕಾದವಳನ್ನು ದೂರ ಕಳಿಸಿದೆ. ಇವತ್ತು ಕೇಳಿದೆ, ಡ್ಯೂಟಿ ಬದಲಿಸಿ ಕೊಟ್ಟರು, ಇನ್ನು ಸಂಜೆಯಿಂದ ಮನೆಯಲ್ಲೇ ಇರುತ್ತೇನೆ. ನಿನ್ನ ಮಂಚವನ್ನು ಮುಂದಿನ ಕೋಣೆಗೆ ಹಾಕಿದ್ದೇನೆ, ಕಿಟಕಿಯ ಪಕ್ಕ. ಅಲ್ಲಿಂದ ರಸ್ತೆ ಕಾಣುತ್ತದೆ, ಎದುರಿನ ತಂತಿಯ ಮೇಲೆ ಗುಬ್ಬಿಯಾದರೂ ಕೂರುತ್ತದೆ. ಅಣ್ಣ ಮತ್ತೆ ಕೇಳಿದರೆ ಹೇಳು.

ಚಿತ್ರ ಕಳಿಸಿದ್ದೇನೆ. ಈ ಸಲ ರಬ್ಬರು ಮುಟ್ಟಿಲ್ಲ. ಮೂರು ಮೊಟ್ಟೆ ಇದ್ದವು, ಮರಿಯ ಕಾಲು ನಾಲ್ಕೇ ಇವೆ. ಆದರೆ ಹಿಂದುಗಡೆ, ಬಾಲದ ಕೆಳಗೆ, ಅರ್ಧ ಗರಿಯಲ್ಲಿ ಮರೆಯಾಗಿ ಇನ್ನೊಂದು ಗೆರೆ ಇದೆ. ಅದನ್ನು ಎಳೆದ ನೆನಪೇ ನನಗಿಲ್ಲ. ಕಾಲೋ, ಹುಲ್ಲುಕಡ್ಡಿಯೋ ಗೊತ್ತಾಗುತ್ತಿಲ್ಲ. ರಾತ್ರಿಯಿಂದ ದೀಪದ ಕೆಳಗೆ ನೋಡಿ ನೋಡಿ ನನ್ನ ಕಣ್ಣಿಗೆ ನಡುವೆ ಗಂಟು ಕಾಣತೊಡಗಿದೆ. ಕಾಣಲಿ ಅಂತ ಆಸೆ ಇರುವುದರಿಂದ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ನೀನು ಹಗಲು ಬೆಳಕಿಗೆ ಹಿಡಿದು ಆ ಒಂದು ಗೆರೆಯನ್ನು ಇನ್ನೊಂದು ಸಲ ನೋಡು, ಗಂಟು ಇದೆಯಾ ಹೇಳು.

ಅಕ್ಕ